ಮರಿಯಾಳ ನೆಲಮಾಳಿಗೆ

ಸುಮಾ, ಕಿರಣ, ಇವತ್ತು ಹ್ಯಾರಿಸನ್ ಎಂಬ ಊರಿನಲ್ಲಿ ಬ್ರೆಡ್ ಕೊಳ್ಳಲು ನಿಂತಾಗ ಅಂಗಡಿಯ ಅಜ್ಜಿ ಮರಿಯಾ ನನ್ನನ್ನೂ ನಿಮ್ಮಮ್ಮನನ್ನೂ ತನ್ನ ನೆಲಮಾಳಿಗೆಗೆ ಕರೆದೊಯ್ದಳು. ಹಿಂದೆ ಅದನ್ನು ಬಿಯರ್ ಪೀಪಾಯಿ ಇಡಲು ಕಟ್ಟಿದ್ದರಂತೆ. ಇಟ್ಟಿಗೆಯ ಕಮಾನುಗಳು ಬೀದಿಯ ಅಡಿಯವರೆಗೂ ಚಾಚಿದ್ದವು. ನಮ್ಮ ತಲೆಯ ಮೇಲೆಯೇ ಬಸ್ಸು ಹೋದ ಸದ್ದು ಕೇಳಿಸಿತು.

“ರಸ್ತೆ ಗಟ್ಟಿ ಆಗ್ಬೇಕಂತ ನಾಳೆ ಇದನ್ನ ಸಿಮೆಂಟ್ ಹಾಕಿ ಫಿಲ್ ಮಾಡ್ತಾರಂತೆ ಅತ್ತೆ,” ಎಂದಳು ನಿಮ್ಮಮ್ಮ. ಮರಿಯಾ ಗೋಡೆ ಸವರುತ್ತ ಅಳುತ್ತಿದ್ದಳು.

“ನಮ್ಮೂರಲ್ಲಿ ಹಳೇ ಬಾವಿ ಮುಚ್ಚೋಕೆ ಮುಂಚೆ ಅರಿಶಿನ ಕುಂಕುಮ ಇಡ್ತೀವಿ,” ಎಂದೆ.

“ಬಿಯರ್ ಇಟ್ಟ ಜಾಗಕ್ಕೂ ಕುಂಕುಮಾನಾ?” ಎಂದು ನಿಮ್ಮಮ್ಮ ನಕ್ಕಳು. ಆದರೂ ನನ್ನ ಮಾತನ್ನು ಮರಿಯಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಮರಿಯಾ “ಪ್ಲೀಸ್” ಎಂದು ನನ್ನ ಕೈ ಹಿಡಿದಳು.

ನಿಮ್ಮಮ್ಮ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದಾಗ ನಾನು ಅಭ್ಯಾಸದಂತೆ ಹಿಂದೆ ಸರಿದೆ. ನಿಮ್ಮ ತಾತ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ.

“ನೀನೇ ಇಡಮ್ಮ,” ಎಂದೆ.

“ಅವರು ಕೇಳಿದ್ದು ನಿಮ್ಮನ್ನ, ಅತ್ತೆ. ಅವರೂ ಗಂಡನ್ನ ಕಳ್ಕೊಂಡೋರೇ.”

ಇಟ್ಟೆ. ಇಟ್ಟಿಗೆ ತಣ್ಣಗಿತ್ತು.

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆರಳಿನ ಕೆಂಪು ಈ ಹಾಳೆಗೂ ಅಂಟಿದೆ. ಒರೆಸಬೇಡಿ, ಹಾಗೆಯೇ ಜೋಪಾನವಾಗಿಡಿ.