ಸಿಂಧುವಿನ ಅರ್ಧ ಪುಟ

ಧನಕವಡಿಯ ಶಾಲೆಯೊಂದಕ್ಕೆ ಪೂರ್ವಾ ಹುದ್ದಾರ ಮತ್ತು ಸಿಂಧು ಜೂನ್ ತಿಂಗಳ ಒಂದೇ ದಿನ ಶಿಕ್ಷಕಿಯರಾಗಿ ಸೇರಿದರು. ಪೂರ್ವಾಳ ಮನೆತನ ಧಾರವಾಡದ್ದು, ಸಿಂಧು ಬೆಳಗಾವಿಯವಳು. ಮರಾಠಿಯೇ ಕೇಳಿಸುವ ಆ ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಐದನೇ ತರಗತಿಯ ಎರಡು ವಿಭಾಗಗಳ ಗಣಿತ ಇಬ್ಬರ ಪಾಲಿಗೆ ಬಂತು. ಮೊದಲ ವಾರ ಡಬ್ಬಿ ಹಂಚಿಕೊಂಡು ಉಂಡರು. ಎರಡನೇ ವಾರದಿಂದ ಪೂರ್ವಾಳಿಗೆ ಆ ಊಟ ರುಚಿಸದಾಯಿತು.

ಕಾರಣ ಪಾಠ ಯೋಜನೆ. ಪೂರ್ವಾ ಒಂದೊಂದು ಪಾಠಕ್ಕೂ ಆರು ಪುಟ ಬರೆಯುತ್ತಿದ್ದಳು. ಉದ್ದೇಶ, ಸಾಮಗ್ರಿ, ಯಾವ ನಿಮಿಷಕ್ಕೆ ಯಾವ ಪ್ರಶ್ನೆ, ಮಕ್ಕಳು ಏನು ಉತ್ತರಿಸಬೇಕು, ಎಲ್ಲವೂ ಅದರಲ್ಲಿರುತ್ತಿತ್ತು. ಆದರೆ ಮಕ್ಕಳು ಅವಳು ಬರೆದ ಉತ್ತರ ಹೇಳುತ್ತಲೇ ಇರಲಿಲ್ಲ. ಹತ್ತನೇ ನಿಮಿಷಕ್ಕೆ ತರಗತಿ ಅವಳ ಕೈ ತಪ್ಪುತ್ತಿತ್ತು. ಸಿಂಧು ಬರೆಯುತ್ತಿದ್ದುದು ಅರ್ಧ ಪುಟ. ಅವಳ ಕೋಣೆಯಿಂದ ನಗು ಕೇಳಿಸುತ್ತಿತ್ತು, ಆಮೇಲೆ ಎಲ್ಲರೂ ಬರೆಯುತ್ತಿರುವ ಮೌನ. ಗೋಡೆಯಾಚೆಯ ಆ ಮೌನವೇ ಪೂರ್ವಾಳ ಹೊಟ್ಟೆ ಉರಿಸುತ್ತಿತ್ತು. ಮೇಲ್ವಿಚಾರಕ ಕೃಷ್ಣಾಜಿ ಸರ್ ಸಿಂಧುವಿನ ಪಾಠ ನೋಡಿ ಬಂದು ಎಲ್ಲರೆದುರು ಹೊಗಳಿದ ದಿನ, ಪೂರ್ವಾ ಚಪ್ಪಾಳೆಯನ್ನೇನೋ ತಟ್ಟಿದಳು. ಸಂಜೆ ಮನೆಯಲ್ಲಿ ಮಾತ್ರ ತಾಯಿ ಬಡಿಸಿದ ತಟ್ಟೆಯನ್ನು ಅತ್ತ ಸರಿಸಿದಳು.

ಮರುದಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಸಿಂಧು ರಜೆ ಹಾಕಿದಳು. ಅವಳ ಬದಲಿಗೆ ಆ ತರಗತಿಗೆ ಹೋದ ಪೂರ್ವಾಳಿಗೆ ಮೇಜಿನ ಖಾನೆಯಲ್ಲಿ ಸಿಂಧುವಿನ ಪಾಠ ಯೋಜನೆಯ ನೋಟುಬುಕ್ಕು ಸಿಕ್ಕಿತು. ಮುಂದಿನ ವಾರ ಇಬ್ಬರೂ ಕಲಿಸಬೇಕಾಗಿದ್ದ ಭಿನ್ನರಾಶಿಯ ಪಾಠ ಅದರಲ್ಲಿತ್ತು. ಸರಿ ಉತ್ತರ ಒಂದೂ ಇರಲಿಲ್ಲ. ಇದ್ದವೆಲ್ಲ ಮಕ್ಕಳು ಮಾಡಬಹುದಾದ ತಪ್ಪುಗಳು. ‘ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ ಎಂಟನೇ ಒಂದು ಭಾಗವೇ ದೊಡ್ಡದು ಅನ್ನುತ್ತಾರೆ. ತಪ್ಪು ಅನ್ನಬಾರದು. ಜೋಳದ ಭಾಕರಿ ಮುರಿದು ಹಂಚಲು ಹೇಳಬೇಕು.’

ಪೂರ್ವಾ ಬಾಗಿಲ ಕಡೆ ನೋಡಿ, ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಂಡಳು.

ಸೋಮವಾರ ಕೃಷ್ಣಾಜಿ ಸರ್ ಪೂರ್ವಾಳ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಎಂಟನೇ ಒಂದು ಭಾಗವೇ ದೊಡ್ಡದೆಂದು ಶ್ರಾವಣಿ ಎಂಬ ಹುಡುಗಿ ನಿಜಕ್ಕೂ ಹೇಳಿದಳು. ಪೂರ್ವಾ ಅವಳ ಕೈಗೆ ಭಾಕರಿಯಂತೆ ದುಂಡಗೆ ಕತ್ತರಿಸಿದ ಕಾಗದ ಕೊಟ್ಟಳು. ಎಂಟು ಜನರಿಗೆ ಹಂಚಿ ತನ್ನ ಪಾಲಿನ ಚೂರು ನೋಡಿಕೊಂಡ ಶ್ರಾವಣಿಯ ಮುಖ ಸಪ್ಪಗಾಯಿತು, ಮರುಗಳಿಗೆ ಅರಳಿತು. ತರಗತಿ ಮೊದಲ ಬಾರಿ ಪೂರ್ವಾಳ ಜೊತೆ ನಡೆಯಿತು. ಮಧ್ಯಾಹ್ನದ ಸಭೆಯಲ್ಲಿ ಕೃಷ್ಣಾಜಿ ಸರ್ ಅವಳು ಆ ಫೋಟೋ ನೋಡಿ ಬರೆದಿದ್ದ ಯೋಜನೆಯನ್ನು ಎಲ್ಲರೂ ಓದಲಿ ಎಂದು ಕೈಯಿಂದ ಕೈಗೆ ದಾಟಿಸಿದರು. ಸಿಂಧು ಓದಿದಳು. ಇನ್ನೊಮ್ಮೆ ಓದಿದಳು. ಪಕ್ಕದವರಿಗೆ ಕೊಟ್ಟಳು.

ಸಭೆ ಮುಗಿದ ಮೇಲೆ ನೀರಿನ ನಲ್ಲಿಯ ಹತ್ತಿರ ಪೂರ್ವಾಳೇ ಅವಳನ್ನು ತಡೆದು, ಫೋಟೋ ತೆಗೆದದ್ದನ್ನು ಹೇಳಿಬಿಟ್ಟಳು.

“ಗೊತ್ತಾತು,” ಎಂದಳು ಸಿಂಧು ಬಾಟಲಿ ತುಂಬಿಸುತ್ತ. “ಕೇಳಿದ್ರ ನಾನ ಕೊಡತಿದ್ನಲ್ಲ, ಪೂರ್ವಾ.”

“ನಿನ್ನ ಕೇಳೂದು ನನಗ ಆಗತಿರಲಿಲ್ಲ. ನಿನ್ನ ಕಂಡ್ರ ನನಗ ಭಾಳ ಸಂಕಟ ಆಗತದ.”

ಸಿಂಧು ಬಾಟಲಿಯ ಮುಚ್ಚಳ ತಿರುಗಿಸಿ ಹೊರಟುಹೋದಳು. ಅವಳು ಸಿಟ್ಟಾಗಿದ್ದರೆ ಪೂರ್ವಾಳಿಗೆ ಹಗುರವಾಗುತ್ತಿತ್ತು. ಮರುದಿನ ಪೂರ್ವಾ ಕೃಷ್ಣಾಜಿ ಸರ್ ಹತ್ತಿರ ಹೋಗಿ ನಿಜ ಒಪ್ಪಿಕೊಂಡಳು. ಅವರು ಬೈಯಲಿಲ್ಲ. ಆ ಪುಟದ ಮೇಲೆ ಸಿಂಧುವಿನ ಹೆಸರು ಬರೆದು ತಾ ಎಂದಷ್ಟೇ ಹೇಳಿದರು. ಪೂರ್ವಾ ಬರೆದುಕೊಟ್ಟಳು.

ಸಿಂಧು ಮತ್ತೆ ಮಾತಾಡಲು ಹದಿನೈದು ದಿನ ಹಿಡಿಯಿತು. ಡಬ್ಬಿ ಹಂಚಿಕೊಳ್ಳುವುದು ಮಾತ್ರ ನಿಂತೇಹೋಯಿತು. ಗೋಡೆಯಾಚೆ ನಗು ಎದ್ದಾಗ ಪೂರ್ವಾಳ ಎದೆ ಈಗಲೂ ಚುರುಕ್ ಎನ್ನುತ್ತದೆ. ಆದರೆ ಆರು ಪುಟಗಳನ್ನು ಅವಳು ಬಿಟ್ಟಿದ್ದಾಳೆ. ಪಾಠ ಮುಗಿದ ಕೂಡಲೇ, ಮಕ್ಕಳು ಚೀಲ ಕಟ್ಟುತ್ತಿರುವಾಗಲೇ, ಅವರು ಆ ದಿನ ಹೇಳಿದ ತಪ್ಪುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಾಳೆ.