ಮುಳಿಪದವಿನ ಜನಸಂಖ್ಯೆ

ನಾನು ನಿಂತಿದ್ದದ್ದು ನಮ್ಮ ಮನೆಯ ಜಗಲಿಯ ಮೆಟ್ಟಿಲಿನ ಮೇಲೆ, ಬಲಗಡೆಯ ಮರದ ಕಂಬಕ್ಕೆ ಒರಗಿಕೊಂಡು. ಎರಡು ಸಾವಿರದ ಒಂದರ ಫೆಬ್ರವರಿ ತಿಂಗಳು. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾಗಿತ್ತು. ಹೊಸ್ತಿಲಲ್ಲಿ ಅಜ್ಜಿ, ಬೆಂಚಿನ ಮೇಲೆ ಜನಗಣತಿಗೆ ಬಂದ ಮಾಸ್ಟ್ರು, ಅಂಗಳದಲ್ಲಿ ಪಕ್ಕದ ಮನೆಯ ಕುಸುಮಕ್ಕ. ಅಮ್ಮ ಒಳಗೆ ಇದ್ದಳು. ಅಜ್ಜ ನನಗೆ ಕಾಣಿಸುತ್ತಿರಲಿಲ್ಲ, ಅವನು ಹಿಂದಿನ ಹಟ್ಟಿಯಲ್ಲಿ ದನದ ಹತ್ತಿರ ಇದ್ದ. ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವುಂಟು. ಆ ದಿನ ಅಜ್ಜಿ ಆಡಿದ ಮಾತನ್ನು ಈಗ ಯಾರಿಗೆ ಹೇಳಿದರೂ ‘ಅದರಲ್ಲೇನು’ ಅನ್ನುತ್ತಾರೆ. ಅದರಲ್ಲಿ ಏನಿತ್ತು ಎಂದು ತಿಳಿಯಬೇಕಾದರೆ ಆಗಿನ ಮುಳಿಪದವು ಹೇಗಿತ್ತು ಎಂದು ಮೊದಲು ಹೇಳಬೇಕು.

ಆಗ ಕಾಪುವಿನಿಂದ ಶಿರ್ವದ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ‘ಮುಳಿಪದವು’ ಎಂದರೆ ಕಂಡಕ್ಟರ್ ಒಮ್ಮೆ ತಲೆಯೆತ್ತಿ ನೋಡುತ್ತಿದ್ದ. ಅಲ್ಲಿ ಇಳಿಯುವವರು ಅಷ್ಟು ಕಡಿಮೆ. ಇಳಿದು ಕೆಂಪು ಮಣ್ಣಿನ ದಾರಿ ಹತ್ತಿದರೆ ಮೇಲೆ ಬಯಲೋ ಬಯಲು, ನಾವು ಪದವು ಎನ್ನುವುದು ಅದನ್ನೇ. ಅಲ್ಲೊಂದು ಇಲ್ಲೊಂದು ಗೇರುಮರ ಬಿಟ್ಟರೆ ಕಣ್ಣು ಹೋದಷ್ಟು ದೂರ ಮುಳಿಹುಲ್ಲು. ಮಳೆಗಾಲದಲ್ಲಿ ಹಸಿರಾಗಿದ್ದ ಹುಲ್ಲು ದೀಪಾವಳಿ ಕಳೆದ ಮೇಲೆ ಕರಿದ ಹಪ್ಪಳದ ಬಣ್ಣಕ್ಕೆ ತಿರುಗುತ್ತಿತ್ತು. ಸಂಜೆ ಪಡುವಣಕ್ಕೆ ನೋಡಿದರೆ ಕಾಪುವಿನ ದೀಪಸ್ತಂಭ ಮಿಣುಕುವುದು ಕಾಣುತ್ತಿತ್ತು. ಮೂಡಣಕ್ಕೆ, ಕಾರ್ಕಳದ ಆಚೆ, ಘಟ್ಟದ ನೀಲಿ ಗೆರೆ.

ಊರಿನ ಇತಿಹಾಸ ಎಂದು ನಾನು ಕೇಳಿದ್ದು ಸ್ವಲ್ಪವೇ. ಮೊದಲು ಅಲ್ಲಿಗೆ ದನ ಮೇಯಿಸುವವರು, ಮನೆಯ ಮಾಡಿಗೆ ಹೊದಿಸಲು ಮುಳಿಹುಲ್ಲು ಕೊಯ್ಯುವವರು ಮಾತ್ರ ಹತ್ತುತ್ತಿದ್ದರಂತೆ, ಸಂಜೆಗೆ ಇಳಿದುಬಿಡುತ್ತಿದ್ದರಂತೆ. ಆಮೇಲೆ ಹುಲ್ಲಿನ ಅಡಿಯಲ್ಲಿ ಒಳ್ಳೆಯ ಕೆಂಪುಕಲ್ಲು ಉಂಟೆಂದು ಗೊತ್ತಾಗಿ ಕೋರೆ ಶುರುವಾಯಿತು. ಕಲ್ಲು ಕಡಿಯುವವರು ಬಂದರು. ಎರ್ಮಾಳಿನಿಂದ ಬಂದ ನನ್ನ ಅಜ್ಜ ಅವರಲ್ಲೊಬ್ಬ. ಮನೆಯಿಲ್ಲದವರಿಗೆ ಸರಕಾರ ಐದೈದು ಸೆಂಟ್ಸ್ ಜಾಗ ಕೊಟ್ಟಾಗ ಅಜ್ಜಿಯ ತಾಯಿ ಪದವಿನ ಮೊದಲ ಮನೆ ಕಟ್ಟಿಸಿದಳು. ಆ ಮನೆಗೆ ಕಲ್ಲು ಕಡಿಯಲು ಬಂದ ಅಜ್ಜ ಅಜ್ಜಿಯನ್ನು ಮದುವೆಯಾಗಿ ಅಲ್ಲೇ ಉಳಿದ. ಆಮೇಲೆ ಎದ್ದ ಮನೆಗಳಲ್ಲಿ ಅವನ ಪಿಕ್ಕಾಸು ತಾಗದ ಕಲ್ಲಿನ ಮನೆ ಒಂದೂ ಇಲ್ಲ ಎನ್ನುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಫೆಬ್ರವರಿಯೆಂದರೆ ನಮಗೆ ಸುಖದ ತಿಂಗಳು. ಗೇರುಮರ ಹೂ ಬಿಟ್ಟು ಇಡೀ ಪದವಿಗೆ ಒಂದು ಹುಳಿಸಿಹಿ ವಾಸನೆ. ಕೆಳಗಿನ ಗದ್ದೆಗಳಲ್ಲಿ ಬಚ್ಚಂಗಾಯಿ, ಎಂದರೆ ಕಲ್ಲಂಗಡಿ, ಬಲಿಯುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಕುಟ್ಟಿದೊಣ್ಣೆ, ಘಟ್ಟದ ಮೇಲಿನವರ ಚಿನ್ನಿದಾಂಡು. ಕುಟ್ಟಿ ಹಾರಿ ಹುಲ್ಲಿನಲ್ಲಿ ಬಿದ್ದರೆ ಅದನ್ನು ಹುಡುಕುವುದೇ ಇನ್ನೊಂದು ಆಟ. ಆ ವರ್ಷ ಅದಕ್ಕಿಂತ ದೊಡ್ಡ ಆಟವೊಂದು ಸಿಕ್ಕಿತು. ಹೆಗಲಿಗೆ ಚೀಲ ಹಾಕಿಕೊಂಡು ಜನಗಣತಿಯ ಮಾಸ್ಟ್ರು ಪದವು ಹತ್ತಿ ಬಂದರು.

ಅವರು ನಮ್ಮ ಶಾಲೆಯವರಲ್ಲ. ಘಟ್ಟದ ಮೇಲಿನ ದಾವಣಗೆರೆ ಕಡೆಯವರು, ನಮ್ಮ ಜಿಲ್ಲೆಗೆ ಹೊಸಬರು, ಹೆಸರು ರುದ್ರಪ್ಪ. ಅವರು ಒಂದೊಂದು ಮನೆಗೆ ಹೋದಾಗಲೂ ನಾವು ಮಕ್ಕಳೆಲ್ಲ ಸಾಲಾಗಿ ಹಿಂದೆ. ಮನೆಮನೆಯಲ್ಲಿ ಬೆಲ್ಲ ಮತ್ತು ನೀರು ಕೊಟ್ಟರು. ಬೇಡ ಎಂದರೆ ಮನೆಯವರಿಗೆ ಬೇಸರವಾಗುತ್ತದೆಂದು ಯಾರೋ ಹೇಳಿದ್ದರಿಂದ ಅವರು ಎಲ್ಲ ಕಡೆಯೂ ಕುಡಿದರು, ಮತ್ತು ಎರಡು ಸಲ ಗೇರುಮರದ ಹಿಂದೆ ಹೋಗಿ ಬಂದರು. ನಮಗೆ ನಗು ತಡೆಯಲಿಲ್ಲ.

ನಮ್ಮ ಮನೆಯಲ್ಲಿ ಅವರು ಈ ಮನೆಯವರು ಯಾರ್ಯಾರು ಎಂದು ಕೇಳಿದರು. ಅಜ್ಜಿ ತನ್ನನ್ನು ಹೇಳಿದಳು, ಅಮ್ಮನನ್ನು ಹೇಳಿದಳು, ನನ್ನನ್ನು ಹೇಳಿದಳು. ಮುಂಬೈಯಲ್ಲಿದ್ದ ತನ್ನ ತಮ್ಮನನ್ನೂ ಮಲ್ಪೆಯಲ್ಲಿದ್ದ ನನ್ನ ಚಿಕ್ಕಮ್ಮನನ್ನೂ ಅವಳ ಮಕ್ಕಳನ್ನೂ ಹೇಳಿದಳು. ದೂರದಲ್ಲಿ ಇರುವವರು ಬೇಡ, ಇಲ್ಲಿ ಇರುವವರು ಮಾತ್ರ ಸಾಕು ಎಂದು ಮಾಸ್ಟ್ರು ಅವರನ್ನೆಲ್ಲ ಬಿಟ್ಟರು. ಮತ್ತೆ ಜಗಲಿಯ ತುದಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಅಜ್ಜನನ್ನು ನೋಡಿದರು.

‘ಇವರು?’

‘ಅವರು ಈ ಮನೆಯವರಲ್ಲ ಮಾಸ್ಟ್ರೇ,’ ಅಂದಳು ಅಜ್ಜಿ. ‘ಅವರದ್ದು ಎರ್ಮಾಳು.’

ಅಜ್ಜನೂ ತಲೆಯಾಡಿಸಿದ. ‘ಹೌದು. ನನ್ನದು ಎರ್ಮಾಳಿನ ಮನೆ.’

ಅದರಲ್ಲಿ ಸುಳ್ಳಿರಲಿಲ್ಲ, ಅವಮಾನವೂ ಇರಲಿಲ್ಲ. ನಮ್ಮಲ್ಲಿ ಮನೆ ಎನ್ನುವುದು ತಾಯಿಯ ಕಡೆಯಿಂದ ಬರುವುದು. ಗಂಡಸು ಎಲ್ಲಿ ಉಂಡರೂ ಎಲ್ಲಿ ಮಲಗಿದರೂ ಅವನ ಮನೆ ಅವನ ತಾಯಿಯ ಮನೆಯೇ. ನನ್ನ ಅಪ್ಪ ಪುಣೆಯ ಹೋಟೆಲಿನಲ್ಲಿದ್ದರು. ಇಲ್ಲಿದ್ದಿದ್ದರೆ ಅವರನ್ನೂ ಅಜ್ಜಿ ಹೇಳುತ್ತಿರಲಿಲ್ಲ. ಕುಸುಮಕ್ಕನ ಮನೆಯಲ್ಲಂತೂ ಮಾಸ್ಟ್ರಿಗೆ ನೀರು ತಂದುಕೊಟ್ಟ ಅವಳ ಗಂಡ ಸದಾನಂದಣ್ಣನೇ ‘ನಾನು ಶಂಕರಪುರದವ’ ಎಂದು ಹೇಳಿ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದ. ಕುಸುಮಕ್ಕ ತುಂಬಿದ ಬಸುರಿ, ಬಾಗಿಲಲ್ಲಿ ಕುಳಿತು ಹೌದು ಹೌದು ಎಂದಳು.

ಸಂಜೆ ಗೇರುಮರದ ಕೆಳಗೆ ಕುಳಿತು ಮಾಸ್ಟ್ರು ಎಲ್ಲವನ್ನೂ ಕೂಡಿಸಿದರು. ಮತ್ತೆ ಕೂಡಿಸಿದರು.

‘ಇವತ್ತು ಊರಲ್ಲಿ ಏನಾದ್ರೂ ಹಬ್ಬ ಇದೆಯಾ?’ ಎಂದು ನಮ್ಮನ್ನು ಕೇಳಿದರು. ‘ಎಲ್ಲಾ ಮನೇಲೂ ನೆಂಟ್ರು. ಊರಿನ ಗಂಡಸರೆಲ್ಲ ಎಲ್ಲಿಗೆ ಹೋಗಿದ್ದಾರೆ?’

ನಮ್ಮಲ್ಲಿ ದೊಡ್ಡವನಾದ ಉಮೇಶ ಸ್ವಲ್ಪ ಯೋಚಿಸಿ ಹೇಳಿದ: ‘ಅವರು ನೆಂಟರಲ್ಲ ಸಾರ್. ಅಪ್ಪಂದಿರು.’

ಮಾಸ್ಟ್ರು ಅವನನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚೀಲ ಹೆಗಲಿಗೇರಿಸಿಕೊಂಡು, ಇನ್ನೊಮ್ಮೆ ಬಂದು ಬೇರೆ ರೀತಿ ಕೇಳುತ್ತೇನೆ, ಯಾರು ಎಲ್ಲಿ ಇರುತ್ತಾರೋ ಅಲ್ಲೇ ಬರೆಸಬೇಕೆಂದು ಮನೆಯಲ್ಲಿ ಹೇಳಿ, ಅಲ್ಲಿ ಬಿಟ್ಟುಹೋದರೆ ಅವರ ಲೆಕ್ಕ ಈ ದೇಶದಲ್ಲಿ ಎಲ್ಲಿಯೂ ಇರುವುದಿಲ್ಲ ಎಂದರು. ನಾನು ಅದನ್ನು ಹಾಗೆಯೇ ಅಜ್ಜನಿಗೆ ಒಪ್ಪಿಸಿದೆ.

ಅಜ್ಜ ಒಪ್ಪಲಿಲ್ಲ. ಎರ್ಮಾಳಿನಲ್ಲಿ ಖಂಡಿತ ಬರೆಸಿರುತ್ತಾರೆ, ತಾನು ಆ ಮನೆಯ ಹಿರಿಯ ಎಂದ. ಆದರೂ ಮಾರನೆಯ ದಿನ ಒಗೆದ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಹೊರಟ. ಕಾಪುವಿನಲ್ಲಿ ಬಸ್ಸು ಬದಲಿಸಿದೆವು. ಎರ್ಮಾಳಿನ ಮನೆ ಕಡಲಿಗೆ ಹತ್ತಿರ, ಗಾಳಿಯಲ್ಲಿ ಒಣಮೀನಿನ ವಾಸನೆ. ಅಲ್ಲಿದ್ದದ್ದು ಅಜ್ಜನ ತೀರಿಕೊಂಡ ಅಕ್ಕನ ಮಗಳು ಜಲಜಕ್ಕ. ಮಾವ ಬಂದರೆಂದು ಓಡಿಬಂದು ಕಾಲು ತೊಳೆಯಲು ನೀರು ಕೊಟ್ಟು, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದಳು. ಅಜ್ಜ ಊಟ ಮುಗಿಯುವವರೆಗೂ ಕೇಳಲಿಲ್ಲ. ಕೈ ತೊಳೆದ ಮೇಲೆ, ಗಣತಿಯವರು ಬಂದಿದ್ದರಾ ಎಂದು ಸುಮ್ಮನೆ ಮಾತಿಗೆಂಬಂತೆ ಕೇಳಿದ.

‘ಬಂದಿದ್ದರು ಮಾವ. ನಿಮ್ಮ ಹೆಸರನ್ನೇ ಮೊದಲು ಹೇಳಿದೆ,’ ಅಂದಳು ಜಲಜಕ್ಕ. ‘ಇಲ್ಲಿ ಮಲಗುತ್ತಾರಾ, ಇಲ್ಲಿ ಉಣ್ಣುತ್ತಾರಾ ಅಂತ ಕೇಳಿದರು. ಇಲ್ಲ ಅಂದದ್ದಕ್ಕೆ ಹೆಸರು ಹೊಡೆದುಹಾಕಿದರು. ನಾನು ಎಂತ ಮಾಡುವುದು?’

ತಿರುಗಿ ಬರುವಾಗ ಕಾಪುವಿನ ಬಸ್ ಸ್ಟಾಂಡಿನಲ್ಲಿ ಅಜ್ಜ ನನಗೆ ಕೆಂಪು ಐಸ್‌ಕ್ಯಾಂಡಿ ಕೊಡಿಸಿದ. ಅದು ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು. ಅವನು ತನ್ನ ಟವಲಿನಿಂದ ನನ್ನ ಕೈ ಒರೆಸುತ್ತಾ ಹೇಳಿದ: ‘ಹಾಗಾದರೆ ನಾನು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಅಂತ ಆಯಿತಲ್ಲ ಮಗಾ.’ ನಗುತ್ತಲೇ ಹೇಳಿದ. ಆದರೆ ಬಸ್ಸು ಬಂದು ನಿಂತರೂ ಅವನು ಏಳಲಿಲ್ಲ, ನಾನೇ ಎಬ್ಬಿಸಬೇಕಾಯಿತು. ಅಜ್ಜ ಹಾಗೆ ಕುಳಿತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮನೆಗೆ ಬಂದು ಒಲೆಯ ಮುಂದಿದ್ದ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಒಲೆಗೆ ಇನ್ನೆರಡು ತೆಂಗಿನ ಚಿಪ್ಪು ಹಾಕಿದಳು. ಆ ಸಂಜೆ ಅಜ್ಜನ ಗಂಜಿಯ ಬಟ್ಟಲಿಗೆ ತುಪ್ಪ ಬಿದ್ದದ್ದನ್ನು ಕಂಡೆ. ತುಪ್ಪವನ್ನು ಅಜ್ಜಿ ಹಬ್ಬಕ್ಕೆ ಬಿಟ್ಟರೆ ತೆಗೆಯುತ್ತಿರಲಿಲ್ಲ.

ಮಾಸ್ಟ್ರು ಎರಡನೆಯ ಸಲ ಬಂದದ್ದೇ ನಾನು ಮೊದಲು ಹೇಳಿದ ಮಧ್ಯಾಹ್ನ. ಈ ಸಲ ಅವರು ಮನೆಯವರು ಯಾರು ಎಂದು ಕೇಳಲೇ ಇಲ್ಲ. ಈ ಒಲೆಯ ಗಂಜಿ ದಿನಾ ಯಾರ್ಯಾರು ಉಣ್ಣುತ್ತಾರೆ ಎಂದು ಕೇಳುತ್ತ ಬಂದರು. ಒಂದೊಂದು ಮನೆಯಿಂದಲೂ ಗಂಡಸರು ಹೊರಬೀಳತೊಡಗಿದರು. ಶಂಕರಪುರದ ಸದಾನಂದಣ್ಣ ಎರಡು ದಿನದೊಳಗೆ ಪದವಿನವನಾಗಿಬಿಟ್ಟ. ಕುಸುಮಕ್ಕ ನಗುತ್ತ, ಸೊಂಟಕ್ಕೆ ಕೈಕೊಟ್ಟುಕೊಂಡು, ನಮ್ಮ ಮನೆಯಲ್ಲಿ ಏನಾಗುತ್ತದೆ ನೋಡಲು ಮಾಸ್ಟ್ರ ಹಿಂದೆಯೇ ಬಂದಳು. ಅವರು ಬರುವುದು ಕಂಡು ಅಜ್ಜ, ದನಕ್ಕೆ ಹುಲ್ಲು ಹಾಕಬೇಕೆಂದು ಎದ್ದು ಹಿಂದೆ ಹೋದ.

ಮಾಸ್ಟ್ರು ಕೇಳಿದರು. ಅಜ್ಜಿ ತನ್ನ ಹೆಸರು ಹೇಳಿದಳು, ಅಮ್ಮನ ಹೆಸರು, ನನ್ನ ಹೆಸರು. ನಿಲ್ಲಿಸಿದಳು.

‘ಮತ್ತೆ?’

ಒಂದು ವಿಷಯ ಇಲ್ಲಿ ಹೇಳಬೇಕು. ಅಜ್ಜಿ ಅಜ್ಜನ ಹೆಸರನ್ನು ಎಂದೂ ಬಾಯಿಂದ ಆಡಿದವಳಲ್ಲ. ಆಗಿನ ಹೆಂಗಸರು ಹಾಗೆಯೇ. ಅವಳು ಅವನನ್ನು ಕರೆಯುತ್ತಿದ್ದದ್ದು ‘ಕೇಳಿತಾ’ ಎಂದು. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅದು ನನ್ನ ಕೆಲಸ. ಆ ದಿನವೂ ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕಡೆ ನೋಡದೆಯೇ ಕೈಯೆತ್ತಿ ತಡೆದಳು.

‘ಐತಪ್ಪ,’ ಅಂದಳು.

ದೊಡ್ಡ ಸ್ವರವೇನಲ್ಲ. ಹಟ್ಟಿಯವರೆಗೆ ಕೇಳಿಸುವಷ್ಟು. ಅಲ್ಲಿ ಹುಲ್ಲಿನ ಸರಸರ ನಿಂತಿತು. ಅಮ್ಮ ಒರೆಸುತ್ತಿದ್ದ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಕುಸುಮಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ತುಳಸಿಕಟ್ಟೆಯ ಅಂಚಿನಲ್ಲಿ ಕುಳಿತುಬಿಟ್ಟಳು. ಏನಾಯಿತೆಂದು ಮಾಸ್ಟ್ರಿಗೆ ತಿಳಿಯಲಿಲ್ಲ. ಅವರು ಬರೆಯುತ್ತ, ‘ಎರ್ಮಾಳಿನವರು ಅಂದಿದ್ರಲ್ಲ ಅಮ್ಮ?’ ಎಂದರು.

‘ಅಲ್ಲ,’ ಅಂದಳು ಅಜ್ಜಿ. ‘ಮುಳಿಪದವಿನವರು. ಬರೆಯಿರಿ.’

ಮಾಸ್ಟ್ರು ಹೋದ ಮೇಲೆ ಅಜ್ಜ ಎದುರಿಗೆ ಬಂದು, ಯಾರ ಮುಖವನ್ನೂ ನೋಡದೆ ಇನ್ನೊಂದು ಕಟ್ಟು ಹುಲ್ಲು ತೆಗೆದುಕೊಂಡು ಹೋದ. ದನಕ್ಕೆ ಆ ಮಧ್ಯಾಹ್ನ ಎರಡು ಸಲ ಹುಲ್ಲು ಸಿಕ್ಕಿತು. ಸಂಜೆ ಊಟಕ್ಕೆ ಕುಳಿತಾಗ ಅವನು ಬಟ್ಟಲನ್ನೇ ನೋಡುತ್ತ, ‘ಇನ್ನೊಮ್ಮೆ ಹೇಳು ನೋಡುವ,’ ಎಂದ.

‘ಅದು ಸರಕಾರಕ್ಕೆ ಹೇಳಿದ್ದು,’ ಅಂದಳು ಅಜ್ಜಿ. ‘ನಿಮಗಲ್ಲ.’

ಅಮ್ಮ ನಗು ತಡೆಯಲಾರದೆ ಎದ್ದು ಹೊರಗೆ ಹೋದಳು. ಕೋರೆಯಲ್ಲಿ ಎಷ್ಟೋ ದಿನ ಅಜ್ಜನಿಗೆ ಇದೇ ತಮಾಷೆ. ‘ಐತಪ್ಪಣ್ಣ, ಈ ಹೆಸರು ನಿಮಗೆ ಮೊದಲೇ ಇತ್ತಾ, ಈಗ ಇಟ್ಟದ್ದಾ ಮಾರಾಯ್ರೆ?’ ಎಂದು ಸದಾನಂದಣ್ಣ ಕೇಳುತ್ತಿದ್ದ. ಅಜ್ಜ ಪಿಕ್ಕಾಸು ಎತ್ತಿ ಅವನನ್ನು ಹೆದರಿಸುತ್ತಿದ್ದ, ಮುಖ ಮಾತ್ರ ಅರಳಿರುತ್ತಿತ್ತು.

ಮಾಸ್ಟ್ರು ಹೊರಡುವ ಮುಂಚೆ ನಮ್ಮ ಕಾಟ ತಾಳಲಾರದೆ ಪದವಿನ ಒಟ್ಟು ಜನ ಎಷ್ಟೆಂದು ಹೇಳಿಬಿಟ್ಟರು. ನೂರ ಹದಿನೆಂಟು. ನಮಗೆ ಅದು ಬಹಳ ದೊಡ್ಡದಾಗಿ ಕೇಳಿಸಿತು. ಸದಾನಂದಣ್ಣ ಗದ್ದೆಯಿಂದ ತಂದ ಬಚ್ಚಂಗಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು, ಕೆನ್ನೆಯೆಲ್ಲ ಕೆಂಪು ಮಾಡಿಕೊಂಡು ತಿಂದೆವು. ದಾರಿ ಪದವಿಗೆ ಸೇರುವಲ್ಲಿ ಆನೆಯ ಬೆನ್ನಿನಂಥ ಒಂದು ಪಾದೆಕಲ್ಲು ಇತ್ತು. ಅದರ ಮೇಲೆ ಉಮೇಶ ಸುಣ್ಣದಲ್ಲಿ ದೊಡ್ಡದಾಗಿ ಬರೆದ: ಮುಳಿಪದವು, ಜನ ೧೧೮. ಫೆಬ್ರವರಿ ಮುಗಿಯುವ ಮೊದಲೇ ಕುಸುಮಕ್ಕ ಗಂಡು ಹೆತ್ತಳು. ನಾವು ಓಡಿಹೋಗಿ ಕೊನೆಯ ಎಂಟನ್ನು ಉಜ್ಜಿ ಒಂಬತ್ತು ಮಾಡಿದೆವು. ಸಂಜೆ ಕೋರೆಯಿಂದ ಬರುವಾಗ ಅಜ್ಜ ಆ ಕಲ್ಲಿನ ಹತ್ತಿರ ನಿಂತು ಬೀಡಿ ಹಚ್ಚುತ್ತಿದ್ದ. ಬೆರಳಿನಿಂದ ತೋರಿಸಿ, ‘ಇದರಲ್ಲಿ ನಾನೂ ಉಂಟು,’ ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತಿದ್ದ.

ಮಳೆಗೆ ಸುಣ್ಣ ತೊಳೆದುಹೋಗುತ್ತಿತ್ತು. ಪ್ರತಿ ವರ್ಷ ದೀಪಾವಳಿಗೆ ಮತ್ತೆ ಬರೆಯುತ್ತಿದ್ದೆವು. ಹುಟ್ಟಿದವರನ್ನು ಸೇರಿಸುತ್ತಿದ್ದೆವು. ಅಜ್ಜ ತೀರಿಕೊಂಡ ವರ್ಷ ನಾನು ಕಾಲೇಜಿನಲ್ಲಿದ್ದೆ. ಸುಣ್ಣದ ಡಬ್ಬಿ ಹಿಡಿದು ಹೋಗಿ, ಒಂದು ಕಡಿಮೆ ಮಾಡಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದೆ. ಅಜ್ಜಿ ಹಿಂದೆಯೇ ಬಂದಿದ್ದಳು. ‘ಮೊದಲು ಇದ್ದಷ್ಟೇ ಬರೆ,’ ಅಂದಳು. ಬರೆದೆ.

ಈಗ ಮತ್ತೆ ಗಣತಿಯ ಮಾತು ಶುರುವಾಗಿದೆ. ಈ ಸಲ ಮೊಬೈಲಿನಲ್ಲಿ ನಾವೇ ತುಂಬಿಸಬಹುದಂತೆ. ಮುಳಿಪದವಿನಲ್ಲಿ ಜನ ಆಗಿನದಕ್ಕಿಂತ ಜಾಸ್ತಿ. ಹುಲ್ಲು ಇದ್ದಲ್ಲಿ ಸೈಟುಗಳು, ಸೈಟಿಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು. ಗೇಟಿನ ಹೊರಗೆ ನಿಂತವರಿಗೆ ಬೆಲ್ಲ ನೀರು ಕೊಡುವ ಕ್ರಮ ಹೋಗಿದೆ. ರಸ್ತೆ ಅಗಲ ಮಾಡುವಾಗ ಪಾದೆಕಲ್ಲನ್ನು ಒಡೆದರು. ಊರಲ್ಲಿ ಎಷ್ಟು ಜನ ಎಂದು ಕಳೆದ ತಿಂಗಳು ಅಲ್ಲಿ ಆಡುತ್ತಿದ್ದ ಮಕ್ಕಳನ್ನು ಕೇಳಿದೆ. ಯಾಕೆ ಕೇಳುತ್ತೀರಿ ಎಂದರು.

ಆ ಮಧ್ಯಾಹ್ನ ಅಲ್ಲಿ ಇದ್ದವರಲ್ಲಿ ಅಜ್ಜ ಇಲ್ಲ, ಅಜ್ಜಿಯೂ ಇಲ್ಲ. ರುದ್ರಪ್ಪ ಮಾಸ್ಟ್ರು ನಿವೃತ್ತರಾಗಿ ಊರಿಗೆ ಹೋದರೆಂದು ಕೇಳಿದ್ದೇನೆ, ಮತ್ತೆ ನೋಡಿಲ್ಲ. ನನ್ನ ಅಮ್ಮ ಲಲಿತ ಇದ್ದಾಳೆ, ಅದೇ ಮನೆಯಲ್ಲಿ, ಪುಣೆಯಿಂದ ಬಂದು ಉಳಿದ ಅಪ್ಪನ ಜೊತೆ. ಕುಸುಮಕ್ಕ ಇದ್ದಾಳೆ. ನಾನಿದ್ದೇನೆ. ಆ ದಿನ ಕುಸುಮಕ್ಕನ ಹೊಟ್ಟೆಯೊಳಗಿದ್ದ ಪ್ರಮೋದ ಈಗ ಉಡುಪಿಯಲ್ಲಿ ಬಸ್ಸು ಓಡಿಸುತ್ತಾನೆ. ಅಜ್ಜಿಯ ಆ ಮಾತನ್ನು ತಾನೂ ಕೇಳಿದವನು, ಅಲ್ಲಿ ಇದ್ದವರ ಲೆಕ್ಕದಲ್ಲಿ ತನ್ನನ್ನು ಬಿಡಬಾರದು ಎನ್ನುತ್ತಾನೆ. ಬಿಟ್ಟಿಲ್ಲ.