ಅಮಾವಾಸ್ಯೆಯ ಬೆಳಿಗ್ಗೆ ಅರಳಿದ ಹತ್ತಿ

೧೯೮೬ರಲ್ಲಿ ನಾನು ಬೀಜ ಪರಿಶೀಲನೆಯ ಸಹಾಯಕಿಯಾಗಿ ಜಮಖಂಡಿಯಲ್ಲಿದ್ದೆ. ಕೃಷಿ ಪದವಿ ಮುಗಿಸಿದ ಮೇಲಿನ ಮೊದಲ ಹುದ್ದೆ. ಮುಧೋಳ, ಬೀಳಗಿ, ಬನಹಟ್ಟಿ ಕಡೆಯ ಬೀಜದ ಹೊಲಗಳಿಗೆ ಮುಂಚಿತವಾಗಿ ತಿಳಿಸದೆ ಹೋಗಿ, ತಳಿ ಶುದ್ಧವಾಗಿದ್ದರೆ ಪಾಸು, ಇಲ್ಲದಿದ್ದರೆ ರದ್ದು ಎಂದು ಬರೆಯಬೇಕು. ನಾವು ಪರೀಕ್ಷಿಸುವ ಹೊಲದಲ್ಲಿ ನಮ್ಮ ಕೈ ಒಂದು ಹೂವನ್ನೂ ಮುಟ್ಟಬಾರದೆಂಬುದು ನಿಯಮ.

ಮಹಾಲಿಂಗಪುರದ ಹತ್ತಿರದ ಹಳ್ಳಿಯೊಂದರಲ್ಲಿ ಕಮಲವ್ವ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆಗೆ ಕೈಹಾಕಿದ್ದರು. ಅದು ಮೊದಲಿನಿಂದಲೂ ಕಬ್ಬಿನ ಹೊಲ. ಅವರ ಗಂಡ ಬಸಪ್ಪ ಅದನ್ನು ಒಂದೇ ವರ್ಷಕ್ಕೆಂದು ಬಿಟ್ಟುಕೊಟ್ಟಿದ್ದರು. ಬೀಜ ರದ್ದಾದರೆ ಮತ್ತೆ ಕಬ್ಬು, ಆಮೇಲೆ ಹೆಂಡತಿ ಮಾತೆತ್ತಬಾರದು.

ಹೈಬ್ರಿಡ್ ಬೀಜಕ್ಕೆ ತಾಯಿಯೂ ತಂದೆಯೂ ಬೇರೆ ಬೇರೆ ತಳಿ. ಮರುದಿನ ಅರಳಲಿರುವ ತಾಯಿ ಗಿಡದ ಮೊಗ್ಗನ್ನು ಸಂಜೆಯೇ ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳು ಮತ್ತು ಗಂಡು ಕೇಸರಗಳನ್ನು ತೆಗೆದು, ಗುರುತಿಗೆ ಕೆಂಪು ಕಾಗದ ಸಿಗಿಸುತ್ತಾರೆ. ಬೆಳಿಗ್ಗೆ ತಂದೆ ಗಿಡದ ಹೂ ತಂದು ಅದರ ಪರಾಗವನ್ನು ಸವರಿ ದಾರ ಕಟ್ಟುತ್ತಾರೆ. ಇದನ್ನೇ ರೈತರು ಕ್ರಾಸಿಂಗ್ ಎನ್ನುವುದು. ಮಧ್ಯಾಹ್ನದೊಳಗೆ ಮುಗಿಯಬೇಕು. ಸವರದೆ ಬಿಟ್ಟ ಹೂ ಉದುರಿಹೋಗುತ್ತದೆ. ಇಲ್ಲವೆ ಕೇಸರ ತೆಗೆಯದೆ ಕಣ್ತಪ್ಪಿ ಉಳಿದ ಬೇರೊಂದು ತಾಯಿ ಹೂವಿನ ಪರಾಗವನ್ನು ಜೇನು ತಂದು ಅದಕ್ಕೆ ಹಚ್ಚಿದರೆ ಕಾಯಿ ಕಟ್ಟುತ್ತದೆ. ಅದು ಹೈಬ್ರಿಡ್ ಅಲ್ಲ. ದಾರವಿಲ್ಲದ ಅಂಥ ಕಾಯಿಗಳು ಮಿತಿ ಮೀರಿದರೆ ಇಡೀ ಹೊಲ ರದ್ದು.

ಒಂದು ದಿನ ಮೊದಲ ಬಸ್ಸಿಗೆ ಹೊರಟು ಕಮಲವ್ವನವರ ಹೊಲ ಮುಟ್ಟಿದಾಗ ಸಾಲು ಸಾಲಿಗೂ ಕೆಂಪು ಕಾಗದಗಳು ಅಲುಗಾಡುತ್ತಿದ್ದವು. ಆಳು ಒಬ್ಬರೂ ಇಲ್ಲ. ಕಮಲವ್ವ ಒಬ್ಬರೇ ಬಗ್ಗಿ ಪರಾಗ ಸವರುತ್ತಿದ್ದರು.

"ಅಮಾಸಿ ನಾಳಿ ಅಂತ ತಿಳದಿದ್ದಿವ್ರಿ ಅಕ್ಕಾರ. ಮೊಗ್ಗಿ ಎಲ್ಲಾ ಬಿಡಿಸಿ ಮನಿಗೆ ಹೋದ ಮ್ಯಾಲ ಗುಡಿ ಸ್ವಾಮಿಗೋಳು ಇವತ್ತ ಅಂದ್ರು. ಒಬ್ಬಾಕಿನೂ ಬರವಲ್ಲಳು."

ಅಮಾವಾಸ್ಯೆಯ ದಿನ ಆ ಊರಿನಲ್ಲಿ ಎತ್ತು ಹೂಡುವುದಿಲ್ಲ, ಆಳು ಹೊಲಕ್ಕಿಳಿಯುವುದಿಲ್ಲ. ಕಬ್ಬು ಬೆಳೆಯುವವರಿಗೆ ಅದರಿಂದ ಎಂದೂ ಏನೂ ಕೆಟ್ಟಿರಲಿಲ್ಲ. ಗಿಣ್ಣಿನಲ್ಲಿ ಮೊಳೆಯುವ ಕಣ್ಣಿರುವ ಒಂದು ತುಂಡನ್ನು ಹೂಳಿದರೆ ಅದೇ ಕಬ್ಬು ಮತ್ತೆ ಬರುತ್ತದೆ. ಪರಾಗ ಬೇಡ, ಬೀಜ ಬೇಡ. ತುಂಡು ನಾಳೆಯವರೆಗೆ ಕಾಯುತ್ತದೆ. ಹತ್ತಿಯ ಹೂವಿಗೆ ನಾಳೆ ಇಲ್ಲ.

"ನೀವರ ಒಂದ ಸಾಲ ಹಿಡೀರಿ" ಎಂದರು ಕಮಲವ್ವ.

"ನಾ ಮುಟ್ಟೋ ಹಂಗಿಲ್ಲ, ಕಮಲವ್ವ."

"ಹಂಗಾದ್ರ ಯಾಕ ನಿಂತೀರಿ? ನೆರಳಿಗೆ ಹೋಗಿ ಕುಂದರ್ರಿ."

ಕೂರಲಾಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ನೆರಳು ಗಿಡದ ಬುಡಕ್ಕೆ ಸರಿಯುತ್ತಿತ್ತು. ಉಳಿದ ಸಾಲುಗಳನ್ನು ನೋಡುವುದು, ಬಿಸಿಲು ನೋಡುವುದು, ಮತ್ತೆ ಸಾಲು ನೋಡುವುದು.

ಅಷ್ಟರಲ್ಲಿ ಬಸಪ್ಪ ಬಂದು ಬದುವಿನ ಮೇಲೆ ನಿಂತರು. "ಹೂವಿನ ಮದುವಿ ಮುಗೀತೋ ಇಲ್ಲೋ? ಕಬ್ಬ ನೋಡ, ಕಡದ ಹೂಳಿದ್ರ ಆತು. ಗಂಡ ಬ್ಯಾಡ, ಹೆಂಡ್ತಿ ಬ್ಯಾಡ."

"ಹಂಗಾದ್ರ ನೀವು ಕಬ್ಬಿನ ಕೂಡನ ಸಂಸಾರ ಮಾಡ್ರಿ!"

ನನಗೆ ನಗು ಬಂತು, ನಗಲಿಲ್ಲ. ಇನ್ನೂ ಅರ್ಧ ಹೊಲ ಬಾಕಿ ಇತ್ತು.

ಬಿಸಿಲು ನೆತ್ತಿಗೆ ಬಂದಾಗ ಕಮಲವ್ವ ಕೈಯಲ್ಲಿದ್ದ ಹೂವನ್ನು ಬಿಸಾಕಿದರು. ನೇರ ಕೊನೆಯ ಸಾಲಿಗೆ ಹೋಗಿ ಕೆಂಪು ಕಾಗದವಿದ್ದ ಹೂಗಳನ್ನು ಒಂದೊಂದಾಗಿ ಕಿತ್ತು ಉಡಿಗೆ ಹಾಕತೊಡಗಿದರು. ಹಿಂದಿನ ಸಂಜೆ ಅವರದೇ ಉಗುರು ಬಿಡಿಸಿದ ಹೂಗಳು.

"ಏ, ಹುಚ್ಚ ಹಿಡೀತೇನ? ಇರ್ಲಿ ಬಿಡ, ಕಾಯಿ ಕಟ್ಟತಾವ" ಎಂದು ಬಸಪ್ಪ ಕೂಗಿದರು.

"ಕಟ್ಟತಾವ. ಅಪ್ಪ ಯಾರಂತ ಹೇಳವ್ರ ಯಾರು?"

ಬಸಪ್ಪ ನನ್ನ ಕಡೆ ನೋಡಿದರು. ಆಮೇಲೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಅತ್ತ ಕಡೆಯ ಸಾಲಿಗಿಳಿದರು. "ಎತ್ತ ಹೂಡಿಲ್ಲ, ಕುಡಗೋಲ ಹಿಡಿದಿಲ್ಲ. ಹೂ ಹರಿಯೂದು ದುಡಿಮಿ ಅಲ್ಲ ಬಿಡ" ಎಂದು ತಮಗೆ ತಾವೇ ಹೇಳಿಕೊಂಡರು.

ಕಾಯಿ ಬಲಿತ ಮೇಲೆ ಕೊನೆಯ ಪರೀಕ್ಷೆಗೆ ಹೋದೆ. ಆ ಹೊಲ ಪಾಸಾಗಲೆಂದು ನನ್ನ ಮನಸ್ಸು ಬಯಸುತ್ತಿದ್ದುದರಿಂದಲೇ ಬೇರೆ ಹೊಲಗಳಿಗಿಂತ ಹೆಚ್ಚು ಹೊತ್ತು ಹುಡುಕಿದೆ, ಕೊನೆಯ ಸಾಲುಗಳನ್ನು ಎರಡನೆಯ ಸಲವೂ ನೋಡಿದೆ. ದಾರವಿಲ್ಲದ ಕಾಯಿಗಳು ಮಿತಿಯೊಳಗೇ ಇದ್ದವು. ಇಳುವರಿ ತಗ್ಗಿತ್ತು, ಬೀಜ ಶುದ್ಧವಾಗಿತ್ತು. ಪಾಸು ಎಂದು ಬರೆದೆ.

ಬಸ್ಸಿನವರೆಗೆ ಕಳಿಸಲು ಬಂದ ಬಸಪ್ಪ ಬಸ್ಸು ಕಂಡಾಗ ಕೇಳಿದರು: "ಮುಂದಿನ ವರ್ಷ ಅಮಾಸಿ ಹಿಂದಿನ ಸಂಜಿ ಮೊಗ್ಗಿ ಬಿಡಿಸೂದು ಬ್ಯಾಡ, ಹರದ ಒಗದ ಬಿಡೂಣಲ್ರಿ ಅಕ್ಕಾರ?"

ಹೌದೆಂದೆ. ಈಗ ಬೇರೆ ತಾಲೂಕಿನಲ್ಲಿದ್ದೇನೆ. ಹೂ ಯಾವ ಹೊತ್ತಿಗೆ ಅರಳುತ್ತದೆಂದು ಕಾಲೇಜಿನಲ್ಲಿ ಕಲಿತಿದ್ದೆ. ಆ ಹೊತ್ತಿಗೆ ಊರಿನವರು ಎಲ್ಲಿರುತ್ತಾರೆಂದು ಕೇಳಬೇಕೆಂಬುದನ್ನು ಆ ಬದು ಕಲಿಸಿತು. ಹೊಸ ಹೊಲಕ್ಕೆ ಹೋದಾಗ ತಳಿಯ ಹೆಸರು ಕೇಳುವ ಮೊದಲು ನಾನು ಕೇಳುವುದು, ಅಮಾವಾಸ್ಯೆ ಯಾವತ್ತೆಂದು.